ಮೌನದ ಗಂಟೆಯೂ ಮಣಿಕಟ್ಟಿನ ಸನ್ನೆಯೂ

ಮಲ್ಪೆಯ ಕಡಲ ಮೊರೆತವು ಕೇಳುವಷ್ಟು ಸಮೀಪದಲ್ಲಿರುವ ನಮ್ಮ ಶಾಲೆಯಲ್ಲಿ ಪ್ರತಿದಿನ ಪಾಠಕ್ಕೆ ಮುಂಚೆ ಐದು ನಿಮಿಷಗಳ ಮೌನವುಂಟು. ಬಾಲಿಕೆಯರೆಲ್ಲರು ಕಣ್ಣು ಮುಚ್ಚಿ, ಉಸಿರನ್ನು ಸಮಗೊಳಿಸಿ ಕುಳಿತುಕೊಳ್ಳುವರು, ಕಿರುಗಂಟೆಯಾದೊಡನೆ ಏಳುವರು. ಒಬ್ಬ ಹುಡುಗಿಯು ಮಾತ್ರ ನಿತ್ಯವೂ ಕಣ್ಣು ತೆರೆದು ಅತ್ತಿತ್ತ ನೋಡುವದನ್ನು ಕಂಡು ನಾವು ಆಕೆಯನ್ನು ಗದರಿಸಿದೆವು. ಆಕೆಗೆ ಕಿವಿ ಮಂದವೆಂಬದು ಅನಂತರ ತಿಳಿಯಿತು. ಗಂಟೆಯು ಕೇಳದು, ಎಲ್ಲರೂ ಎದ್ದ ಮೇಲೆ ತಾನೊಬ್ಬಳೇ ಕುಳಿತಿರಬೇಕಾದೀತೆಂದು ಅಂಜಿ ನೋಡುತ್ತಿದ್ದಳು. ನಾವು ಶಾಂತಿಯೆಂದು ಕೊಟ್ಟದ್ದು ಆಕೆಗೆ ಭಯವಾಗಿತ್ತು. ತಪ್ಪು ನಮ್ಮದೇ ಹೊರತು ಆಕೆಯದಲ್ಲ.

ಇದೇ ತಪ್ಪು ಈಗಿನ ಯಂತ್ರಗಳಲ್ಲಿಯೂ ನುಸುಳಬಹುದು. ಧ್ಯಾನಕ್ಕೆ ನೆರವಾಗುವದಕ್ಕಾಗಿ ಮೈಮೇಲೆ ಧರಿಸತಕ್ಕ ಉಪಕರಣಗಳು ಬಂದಿವೆ. ಮಣಿಕಟ್ಟಿನ ಸ್ಮಾರ್ಟ್ ವಾಚು ಚರ್ಮದೊಳಕ್ಕೆ ಹಸುರು ಬೆಳಕನ್ನು ಹಾಯಿಸಿ, ರಕ್ತದ ಏರಿಳಿತದಿಂದ ನಾಡಿಯನ್ನು ಎಣಿಸುತ್ತದೆ. ಉಸಿರನ್ನು ಒಳಗೆಳೆದಾಗ ಹೃದಯದ ಬಡಿತವು ತುಸು ಚುರುಕಾಗಿಯೂ ಹೊರಬಿಟ್ಟಾಗ ತುಸು ನಿಧಾನವಾಗಿಯೂ ಇರುವದು. ನಿಮಿಷಕ್ಕೆ ಸುಮಾರು 6 ಸಾರಿ ನಿಧಾನವಾಗಿ ಉಸಿರಾಡಿದರೆ ಈ ಏರಿಳಿತವು ಹೆಚ್ಚು ಸ್ಪಷ್ಟವಾಗುತ್ತದೆ. ಉಪಕರಣವು ಇದನ್ನು ಅಳೆದು ಧರಿಸಿದವರಿಗೆ ತಿಳಿಸುವದು. ಆದರೆ ಯಾವ ಇಂದ್ರಿಯದ ಮೂಲಕ ತಿಳಿಸುವದು ಎಂಬದೇ ಮುಖ್ಯವಾದ ಪ್ರಶ್ನೆ.

ಒಂದು ಉದಾಹರಣೆಯನ್ನು ನೋಡೋಣ. ಕೆನಡಾ ದೇಶದ ಟೊರಾಂಟೋ ನಗರದವರು 2014ರಲ್ಲಿ ಮಾರಾಟಕ್ಕೆ ತಂದ ಮ್ಯೂಸ್ ಎಂಬ ತಲೆಪಟ್ಟಿಯು ಹಣೆ ಹಾಗೂ ಕಿವಿಗಳ ಬಳಿ ಮಿದುಳಿನ ವಿದ್ಯುತ್ ತರಂಗಗಳನ್ನು ಗ್ರಹಿಸುತ್ತದೆ. ಮನಸ್ಸು ಅಲೆದರೆ ಬಿರುಗಾಳಿಯ ಸದ್ದು, ನೆಲೆಗೊಂಡರೆ ಹಕ್ಕಿಗಳ ಕೂಗು ಕೇಳಿಸುವದು. ಕಣ್ಣು ಕಾಣದವರಿಗೆ ಇದು ಅನುಕೂಲ. ಕಿವಿ ಕೇಳದವರಿಗೆ ಹಕ್ಕಿಯೂ ಇಲ್ಲ, ಬಿರುಗಾಳಿಯೂ ಇಲ್ಲ. ಮತ್ತೊಂದೆಡೆ, ತೆರೆಯ ಮೇಲೆ ಅರಳಿ ಮುದುಡುವ ಚಿತ್ರವನ್ನು ನೋಡುತ್ತಾ ಉಸಿರಾಡಬೇಕೆಂದರೆ ದೃಷ್ಟಿಹೀನರು ಹೊರಗುಳಿಯುವರು.

ಇಬ್ಬರಿಗೂ ತೆರೆದಿರುವ ಬಾಗಿಲೊಂದುಂಟು, ಅದು ಸ್ಪರ್ಶ. ಇದು ಹೊಸ ಮಾತೇನೂ ಅಲ್ಲ. ಬೆರಳಿನಿಂದ ಓದುವ ಬ್ರೈಲ್ ಲಿಪಿಯು 1829ರಲ್ಲಿಯೇ ಪ್ರಕಟವಾಯಿತು. ನಮ್ಮ ನಾಡಿನ ಮೈಸೂರಿನಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಶಾಲೆಯು 1901ರಲ್ಲಿ ಆರಂಭವಾಯಿತು. ಆಪಲ್ ವಾಚಿನಲ್ಲಿ 2016ರಲ್ಲಿ ಬಂದ ಉಸಿರಾಟದ ಸಾಧನವು ಚಿತ್ರದೊಂದಿಗೆ ಮಣಿಕಟ್ಟನ್ನು ಮೆಲ್ಲಗೆ ತಟ್ಟಿಯೂ ದಾರಿ ತೋರಿಸುತ್ತದೆ. ಅದೇ ವಾಚಿನ ವಾಯ್ಸ್‌ಓವರ್ ಎಂಬ ಏರ್ಪಾಡು ತೆರೆಯ ಬರಹವನ್ನು ಓದಿ ಹೇಳುವದು. ಕಣ್ಣು ಕಿವಿ ಎರಡೂ ಇಲ್ಲದವರಿಗೂ ಆ ತಟ್ಟುವಿಕೆಯು ಮುಟ್ಟುವದು.

ಆದಕಾರಣ ಇಂಥ ಉಪಕರಣವನ್ನು ಮಾಡುವವರೂ ಕೊಳ್ಳುವವರೂ ನಾಲ್ಕು ಸಂಗತಿಗಳನ್ನು ವಿಚಾರಿಸತಕ್ಕದ್ದು. ಒಂದನೆಯದಾಗಿ, ಪ್ರತಿಯೊಂದು ಸೂಚನೆಯು ಕನಿಷ್ಠ ಎರಡು ಇಂದ್ರಿಯಗಳಿಗೆ ತಲಪಬೇಕು. ಎರಡನೆಯದಾಗಿ, ಕಂಪನದ ಬಲವನ್ನು ಹೆಚ್ಚು ಕಡಿಮೆ ಮಾಡಲು ಬರಬೇಕು. ಯಾಕಂದರೆ ಕೆಲವರ ಚರ್ಮಕ್ಕೆ ಸ್ಪರ್ಶಜ್ಞಾನವು ಕಡಿಮೆ, ಕೆಲವರಿಗೆ ಅಲ್ಪ ಕಂಪನವೂ ಸಹಿಸದು. ಮೂರನೆಯದಾಗಿ, ಕೊನೆಯಲ್ಲಿ ಬರುವ ರೇಖಾಚಿತ್ರದ ಅರ್ಥವು ಮಾತಿನಲ್ಲಿಯೂ, ಸಾಧ್ಯವಾದರೆ ಕನ್ನಡದಲ್ಲಿಯೂ ದೊರೆಯಬೇಕು. ನಾಲ್ಕನೆಯದಾಗಿ, ತಯಾರಿಸುವ ಮೊದಲೇ ಅಂಧರನ್ನೂ ಕಿವುಡರನ್ನೂ ಕೇಳಬೇಕು. ಇದು ಬರಿಯ ದಯೆಯ ಮಾತಲ್ಲ. ನಿತ್ಯೋಪಯೋಗಿ ವಿದ್ಯುನ್ಮಾನ ಸಾಧನಗಳು ಸರ್ವರೂ ಬಳಸುವಂತಿರಬೇಕೆಂದು ಭಾರತದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೆಯ ಕಲಮು ಹೇಳುತ್ತದೆ.

ನಮ್ಮ ಮಕ್ಕಳಲ್ಲಿ ಅನೇಕರು ಬೆಸ್ತರ ಮನೆಯವರು. ಬೆಲೆಬಾಳುವ ವಾಚು ಅವರಿಗೆ ದೂರದ ಮಾತು. ಆದರೂ ಅದರ ತತ್ವಕ್ಕೆ ಬೆಲೆ ಕೊಡಬೇಕಾಗಿಲ್ಲ. ಈಗ ನಮ್ಮ ಶಾಲೆಯಲ್ಲಿ ಮೌನದ ಗಂಟೆಯಾದೊಡನೆ ಸಾಲಿನ ಮೊದಲಿನವಳು ಪಕ್ಕದವಳ ಮಣಿಕಟ್ಟನ್ನು ಮೆಲ್ಲಗೆ ತಟ್ಟುವಳು, ಆಕೆ ಮುಂದಿನವಳನ್ನು, ಹೀಗೆ ಸನ್ನೆಯು ಕೊನೆಯ ತನಕ ಸಾಗುವದು. ಇದನ್ನು ಹೇಗೆ ಮಾಡಬೇಕೆಂದು ಕಲಿಸಿಕೊಟ್ಟವಳು ಕಿವಿ ಕೇಳದ ಆ ಹುಡುಗಿಯೇ. ಈಗ ಆಕೆ ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತಾಳೆ.