ಎಫ್‌ಐಆರ್‌ನಲ್ಲಿ ದೆವ್ವದ ಹೆಸರು!

ದೆವ್ವದ ಸಿನಿಮಾ ನೋಡೋಕೆ ಗುಂಡಿಗೆ ಬೇಕು ಅಂತಾರೆ. ಅದನ್ನು ಆನ್‌ಲೈನ್‌ನಲ್ಲಿ ಹುಡುಕೋಕೆ ಇನ್ನೂ ದೊಡ್ಡ ಗುಂಡಿಗೆ ಬೇಕು ಕಣ್ರೀ!

ನಾನು ಹುಡುಕಿದ್ದು ‘ಡೆಲಿವರ್ ಅಸ್ ಫ್ರಮ್ ಈವಿಲ್’. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರಾತ್ರಿ ಪಾಳಿ ಮಾಡುವ ಸಾರ್ಜೆಂಟ್ ಒಬ್ಬನಿಗೆ ವಿಚಿತ್ರ ಕೇಸುಗಳು ಎದುರಾಗುತ್ತವೆ. ಸುಳಿವು ಹಿಡಿದು ಹೋದರೆ ಇರಾಕ್ ಯುದ್ಧದಿಂದ ಮರಳಿದ ಮೂವರು ಸೈನಿಕರು ಸಿಗುತ್ತಾರೆ. ರಾಲ್ಫ್ ಸಾರ್ಕಿ ಎಂಬ ನಿಜವಾದ ಪೊಲೀಸ್ ಅಧಿಕಾರಿಯ ಪುಸ್ತಕವೇ ಇದಕ್ಕೆ ಪ್ರೇರಣೆ. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ರೂಮ್‌ಮೇಟ್‌ಗೆ ಇಷ್ಟು ಹೇಳಿದ್ದೇ ತಡ, ‘ಇವತ್ತೇ ನೋಡೋಣ’ ಅಂದ.

ಮೊದಲ ಗೊಂದಲ ಹೆಸರಿನದೇ. ಅದು ಕ್ರೈಸ್ತರ ಪ್ರಾರ್ಥನೆಯ ಸಾಲಾದ್ದರಿಂದ ಎಷ್ಟೋ ಚಿತ್ರಗಳಿಗೆ ಅದೇ ಹೆಸರು. 2020ರದ್ದು ಕೊರಿಯಾದ ಹೊಡೆದಾಟದ ಚಿತ್ರ. 2006ರದ್ದು ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಪಾದ್ರಿಯ ಕುರಿತ ಸಾಕ್ಷ್ಯಚಿತ್ರ; ದೆವ್ವಕ್ಕಿಂತ ಭಯಾನಕ, ಬಿಡಿ. ಹೆಸರಿನ ಜತೆ ‘2014’ ಅಂತಲೂ ನಿರ್ದೇಶಕ ಸ್ಕಾಟ್ ಡೆರಿಕ್‌ಸನ್ ಹೆಸರನ್ನೂ ಟೈಪ್ ಮಾಡಿದ ಮೇಲೆಯೇ ನಮ್ಮ ಪೊಲೀಸಪ್ಪ ಪ್ರತ್ಯಕ್ಷನಾದ.

ಅಷ್ಟರಲ್ಲಿ ಕ್ಲಾಸ್‌ಮೇಟ್ ಒಬ್ಬ ಟೆಲಿಗ್ರಾಂ ಲಿಂಕ್ ಕಳಿಸಿದ. ಒತ್ತಿದರೆ ಪರದೆ ತುಂಬ ‘ಪ್ಲೇ’ ಬಟನ್‌ಗಳು, ಯಾವುದೂ ಸಿನಿಮಾದ್ದಲ್ಲ. ಕೊನೆಗೆ ‘ಈ ಎಪಿಕೆ ಇನ್‌ಸ್ಟಾಲ್ ಮಾಡಿ’ ಅಂತು. ಒಂದು ವಿಡಿಯೊ ಪ್ಲೇಯರ್‌ಗೆ ನನ್ನ ಎಸ್ಸೆಮ್ಮೆಸ್ ಓದುವ ಅನುಮತಿ ಯಾಕೆ ಬೇಕು? ಸ್ಕಾಲರ್‌ಶಿಪ್ ಹಣ ಬೀಳುವ ಖಾತೆಯ ಒಟಿಪಿ, ಅರ್ಜಿ ಹಾಕಿದ ಕೆಲಸಗಳ ಸಂದೇಶ ಎಲ್ಲಾ ಬರುವುದು ಇದೊಂದೇ ಫೋನಿಗೆ. ಪುಕ್ಕಟೆ ಅಂತ ಅದನ್ನು ಅಪರಿಚಿತರ ಕೈಗೆ ಕೊಡುವ ಧೈರ್ಯ ನನಗಿಲ್ಲ. ಲಿಂಕ್ ಡಿಲೀಟ್.

ಆಮೇಲೆ ‘ಜಸ್ಟ್‌ವಾಚ್’ ತೆರೆದು ದೇಶ ‘ಇಂಡಿಯಾ’ ಅಂತ ಆರಿಸಿದೆ. ಇದು ಮುಖ್ಯ. ಪ್ರಸಾರದ ಹಕ್ಕನ್ನು ದೇಶವಾರು, ಅದೂ ಇಂತಿಷ್ಟು ಕಾಲಕ್ಕೆ ಮಾರುತ್ತಾರೆ. ಅಮೆರಿಕದವರು ಬರೆದ ‘ಇಲ್ಲಿ ಲಭ್ಯ’ ಪಟ್ಟಿ ನಮಗೆ ಉಪಯೋಗಕ್ಕೆ ಬಾರದು. ಹೋದ ತಿಂಗಳು ಇದ್ದದ್ದು ಈ ತಿಂಗಳು ಮಾಯವಾಗಿರಬಹುದು. ಚಂದಾದಲ್ಲಿ ಸಿಗದ ಚಿತ್ರ ಬಾಡಿಗೆಗೆ ಸಿಗುವುದೂ ಉಂಟು. ನಮಗೆ ಸಿಕ್ಕಿದ್ದೂ ಹಾಗೆಯೇ. ಸಾಮಾನ್ಯವಾಗಿ ನೋಡಲು ಶುರು ಮಾಡೋಕೆ 30 ದಿನ, ಶುರು ಮಾಡಿದರೆ ಮುಗಿಸೋಕೆ 48 ಗಂಟೆ ಕೊಡುತ್ತಾರೆ. ಪರೀಕ್ಷೆ ಹತ್ತಿರ ಇರುವವರಿಗೆ ಹೇಳಿ ಮಾಡಿಸಿದ್ದು. ರೂಮಿನ ಮೂವರೂ ದುಡ್ಡು ಹಾಕಿದೆವು. ತಲೆಗೆ ಒಂದು ಮಸಾಲೆ ದೋಸೆಯಷ್ಟೂ ಆಗಲಿಲ್ಲ.

ಸಿನಿಮಾ? ಕೊನೆಯ ಭೂತೋಚ್ಚಾಟನೆ ನನಗೆ ಕೊಂಚ ಎಳೆದಂತೆ ಅನ್ನಿಸಿತು. ಆದರೆ ಮೃಗಾಲಯದ ಕ್ಯಾಮೆರಾ ದೃಶ್ಯವನ್ನು ಅವನು ಸಾಕ್ಷ್ಯದಂತೆ ಮತ್ತೆ ಮತ್ತೆ ನೋಡುವ ಭಾಗ ಇದೆಯಲ್ಲ, ಅಲ್ಲಿ ಮೂವರೂ ಒಂದೇ ಹೊದಿಕೆಯೊಳಗೆ! ಭಾವಿ ಪಿಎಸ್‌ಐ ಮಾತ್ರ ಮಾರನೇ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದ: ‘ಅಲ್ವೋ, ಇಷ್ಟೆಲ್ಲ ಆದ ಮೇಲೆ ಎಫ್‌ಐಆರ್‌ನಲ್ಲಿ ಆರೋಪಿ ಅಂತ ಯಾರ ಹೆಸರು ಬರೀತಾರೆ?’