ಗೋಲದ ಲೆಕ್ಕ ಸರಿಹೋದ ಬಗೆ

ಕ್ರಿ.ಶ. 499ರ ‘ಆರ್ಯಭಟೀಯ’ದ ಗಣಿತಪಾದದಲ್ಲಿ ತ್ರೈರಾಶಿಕವೂ ಇದೆ, ಗೋಲದ ಘನಫಲವೂ ಇದೆ. ಇಷ್ಟು ಸರಕಿಗೆ ಇಷ್ಟು ಬೆಲೆಯಾದರೆ ಅಷ್ಟಕ್ಕೆ ಎಷ್ಟು ಎಂದು ಕೇಳುವುದು ತ್ರೈರಾಶಿಕ. ಗೊತ್ತಿರುವ ಬೆಲೆಯನ್ನು (ಫಲ) ಬೇಕಾದ ಸರಕಿನಿಂದ (ಇಚ್ಛೆ) ಗುಣಿಸಿ ಮೊದಲ ಸರಕಿನಿಂದ (ಪ್ರಮಾಣ) ಭಾಗಿಸು ಎಂಬ ಅದರ ನಿಯಮ ಇಂದಿಗೂ ಹಾಗೆಯೇ ನಿಂತಿದೆ. ಗೋಲದ ಸೂತ್ರ ಮಾತ್ರ ತಪ್ಪು. ದಾಳದಂಥ ಆಕೃತಿಗೆ ಸಲ್ಲುವ ಲೆಕ್ಕವನ್ನೇ ಚೆಂಡಿಗೂ ಹಚ್ಚಿದಂತೆ ಕಾಣುತ್ತದೆ. ಉತ್ತರ ಸುಮಾರು ಮೂರನೇ ಒಂದರಷ್ಟು ಹೆಚ್ಚು ಬರುತ್ತದೆ. ಸಿರಾಕ್ಯೂಸಿನ ಆರ್ಕಿಮಿಡೀಸ್ ಏಳು ಶತಮಾನ ಮೊದಲೇ ಸರಿಯುತ್ತರ ಕಂಡಿದ್ದ.

ನಮ್ಮಲ್ಲಿ ಆ ತಪ್ಪನ್ನು ತಿದ್ದುವ ದಾರಿಯಲ್ಲಿ ದೊಡ್ಡ ಹೆಜ್ಜೆ ಮಹಾವೀರಾಚಾರ್ಯನದು. ಅಮೋಘವರ್ಷ ನೃಪತುಂಗನ ಸ್ತುತಿಯೊಂದಿಗೆ ಆರಂಭವಾಗುವ, 9ನೇ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿ ಆತ ಗೋಲದ ಘನಫಲಕ್ಕೆ ಎರಡು ಬೆಲೆ ಕೊಟ್ಟ. ತ್ರಿಜ್ಯದ ಘನದ 4.5 ಪಟ್ಟು ಎಂಬುದು ಸ್ಥೂಲ. ಅದರ ಹತ್ತರಲ್ಲಿ ಒಂಬತ್ತು ಪಾಲು, ಅಂದರೆ 4.05 ಪಟ್ಟು, ಸೂಕ್ಷ್ಮ. ನಿಜವಾದ ಬೆಲೆ 4.19ರ ಆಸುಪಾಸು. ವ್ಯವಹಾರಕ್ಕೆ ಒಂದು, ನಿಖರತೆಗೆ ಇನ್ನೊಂದು ಎಂದು ಬೇರ್ಪಡಿಸಿದ ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದು.

1150ರಲ್ಲಿ ಭಾಸ್ಕರಾಚಾರ್ಯ ಗಂಟು ಬಿಡಿಸಿದ. ಗೋಲವನ್ನು ಸೂಜಿಯಂಥ ಚೂಪು ತುಂಡುಗಳಾಗಿ ಸೀಳಿಕೊಳ್ಳಿ. ಎಲ್ಲದರ ತುದಿ ಕೇಂದ್ರದಲ್ಲಿ, ಬುಡ ಮೇಲ್ಮೈಯಲ್ಲಿ. ಪ್ರತಿ ತುಂಡಿನ ಘನಫಲ ಬುಡದ ವಿಸ್ತಾರ ಗುಣಿಸು ಎತ್ತರ, ಭಾಗಿಸು ಮೂರು. ಎತ್ತರವೆಲ್ಲ ತ್ರಿಜ್ಯವೇ. ಕೂಡಿದರೆ ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಿದಷ್ಟು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರದ ಒಳಗಿರುವುದು ಇದೇ. ಅದೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದು ತ್ರೈರಾಶಿಕವನ್ನು ಕನ್ನಡಕ್ಕೆ ತಂದ.

ಈಗ ತ್ರೈರಾಶಿಕ, ಗೋಲದ ಸೂತ್ರ ಎರಡನ್ನೂ ಕೂಡಿಸಿ. 20 ಸೆಂ.ಮೀ. ವ್ಯಾಸದ ಕಲ್ಲಂಗಡಿಗೆ 60 ರೂಪಾಯಿ, 25 ಸೆಂ.ಮೀ.ನದಕ್ಕೆ 100 ರೂಪಾಯಿ ಎನ್ನಿ. ವ್ಯಾಸ ಹೆಚ್ಚಿದ್ದು ಕಾಲುಭಾಗ, ಆದರೆ ಘನಫಲ 4.19 ಲೀಟರಿನಿಂದ 8.18ಕ್ಕೆ, ಹೆಚ್ಚುಕಡಿಮೆ ಇಮ್ಮಡಿ. ಲೀಟರಿಗೆ ಚಿಕ್ಕದು 14 ರೂಪಾಯಿ ಚಿಲ್ಲರೆ, ದೊಡ್ಡದು 12 ಚಿಲ್ಲರೆ. ಸಿಪ್ಪೆ ಒಂದೂವರೆ ಸೆಂ.ಮೀ. ದಪ್ಪವಿದ್ದರೆ ತಿರುಳಿನ ದರ ಚಿಕ್ಕದಕ್ಕೆ 23, ದೊಡ್ಡದಕ್ಕೆ 18ರ ಹತ್ತಿರ. ಅಂತರ ಇನ್ನೂ ಹಿಗ್ಗುತ್ತದೆ.

ವ್ಯಾಸ ಅಳೆಯಲು ಹಣ್ಣು ಕೊಯ್ಯಬೇಕಿಲ್ಲ. ನಡುವಿಗೆ ದಾರ ಸುತ್ತಿ, ಬಂದ ಉದ್ದವನ್ನು 3.14ರಿಂದ ಭಾಗಿಸಿದರೆ ಸಾಕು. ಶಿಕ್ಷಕರೇ, ಎಂಟು–ಒಂಬತ್ತನೇ ತರಗತಿಯ ಮಕ್ಕಳನ್ನು ಒಮ್ಮೆ ಹಣ್ಣಿನ ಅಂಗಡಿಗೆ ಕರೆದೊಯ್ಯಿರಿ, ಲೆಕ್ಕ ಅವರೇ ಹಾಕಲಿ.