ಮದುವೆಯ ಮಂಟಪದಲ್ಲಿ ಬೆಳೆದ ಆಟಗಾರ

ಆಟವು ರೊಟ್ಟಿ ಕೊಡುವುದೇ ಎಂಬ ಪ್ರಶ್ನೆಯು ನಮ್ಮ ಹುಮನಾಬಾದಿನ ಮನೆಗಳಲ್ಲಿ ಹುಡುಗನು ಬ್ಯಾಟು ಹಿಡಿದ ದಿನವೇ ಕೇಳಿಬರುವುದು. ಕೇಳುವವರು ಅವಿವೇಕಿಗಳಲ್ಲ. ಸಂಬಳದಲ್ಲಿಯೇ ಸಂಸಾರ ತೂಗಿಸುವ ಗುಮಾಸ್ತನಿಗೂ ಮಾಸ್ತರನಿಗೂ ಮಗನ ಮುಂದಿನ ಚಿಂತೆ ಇದ್ದೇ ಇರುವುದು. ಅಂತಹವರಿಗೆ ಬರಿಯ ಉತ್ಸಾಹದ ಮಾತುಗಳಿಂದ ಉತ್ತರ ಕೊಡುವುದು ನಮಗೆ ಸರಿತೋರದು. ಆದುದರಿಂದ ಶ್ರೀ ಪ್ರಕಾಶ ಪಡುಕೋಣೆಯವರ ವೃತ್ತಿಜೀವನವನ್ನು, ಲಾಭನಷ್ಟಗಳೆರಡನ್ನೂ ಮರೆಮಾಚದೆ, ವಾಚಕ ಮಹಾಶಯರ ಮುಂದಿಡುತ್ತೇವೆ.

ಕುಂದಾಪುರದ ಕಡೆಯ ಪಡುಕೋಣೆ ಗ್ರಾಮದ ಹೆಸರನ್ನು ಹೊತ್ತ ಮನೆತನದಲ್ಲಿ, 1955ರ ಜೂನ್ 10ರಂದು, ಬೆಂಗಳೂರಿನಲ್ಲಿ ಅವರು ಜನಿಸಿದರು. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದು, ಮಗನ ಮೊದಲ ಗುರುಗಳೂ ಅವರೇ ಆದರು. ಗರಿಯ ಚೆಂಡಿನ ಈ ಆಟಕ್ಕೆ ಗಾಳಿಯೇ ಶತ್ರು. ನಾಲ್ಕು ಗೋಡೆ, ಎತ್ತರವಾದ ಮಾಡು ಇಲ್ಲದೆ ನಡೆಯದು. ಅಂತಹ ಕ್ರೀಡಾಗೃಹವು ಆ ಹುಡುಗರಿಗೆ ಎಲ್ಲಿಂದ ಬರಬೇಕು? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಮಂಟಪವೇ ಅವರ ಅಂಗಳವಾಯಿತು. ಮದುವೆ ಮುಂಜಿಗಳಿದ್ದ ದಿನ ಆಟವಿಲ್ಲ. ಇಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. 1962ರಲ್ಲಿ ರಾಜ್ಯದ ಕಿರಿಯರ ಪಂದ್ಯದಲ್ಲಿ ಏಳು ವರ್ಷದ ಬಾಲಕನು ಮೊದಲ ಸುತ್ತಿನಲ್ಲಿಯೇ ಸೋತನು. ಎರಡು ವರ್ಷಗಳ ತರುವಾಯ ಅದೇ ಪ್ರಶಸ್ತಿಯನ್ನು ಗೆದ್ದನು.

ಮುಂದಿನ ಗೆಲವುಗಳು ಪ್ರಸಿದ್ಧವಾಗಿರುವುದರಿಂದ ಚುಟುಕಾಗಿ ಹೇಳುವೆವು. ರಾಷ್ಟ್ರದ ಹಿರಿಯರ ಪ್ರಶಸ್ತಿಯು 1979ರ ತನಕ ಸತತವಾಗಿ ಒಂಬತ್ತು ಸಲ ಅವರದಾಯಿತು. 1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಬಂದಿತು. 1980ರ ಮಾರ್ಚಿಯಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ, ಆಲ್ ಇಂಗ್ಲೆಂಡ್ ಪಂದ್ಯದ ಅಂತಿಮ ಸುತ್ತು. 1899ರಿಂದ ನಡೆದುಬಂದ ಆ ಪಂದ್ಯದಲ್ಲಿ ಭಾರತೀಯರೊಬ್ಬರೂ ಗೆದ್ದಿರಲಿಲ್ಲ. 1947ರಲ್ಲಿ ಪ್ರಕಾಶನಾಥರು ಅಂತಿಮ ಸುತ್ತಿನಲ್ಲಿ ಸೋತಿದ್ದರು. ಎದುರಾಳಿ ಇಂಡೋನೇಷಿಯಾದ ಲೀಮ್ ಸ್ವೀ ಕಿಂಗ್ ಸಿಡಿಲಿನಂತೆ ಹೊಡೆಯತಕ್ಕವರು. ಆ ರಭಸಕ್ಕೆ ರಭಸದಿಂದ ಎದುರು ನಿಲ್ಲದೆ, ಆಟದ ವೇಗವನ್ನು ತಾವೇ ಇಳಿಸಿ, ಚೆಂಡನ್ನು ಒಮ್ಮೆ ಹಿಂದಿನ ಗೆರೆಗೆ ಎತ್ತಿ, ಒಮ್ಮೆ ಬಲೆಯ ಅಂಚಿನಲ್ಲಿ ಮೆಲ್ಲನೆ ಇಳಿಸಿ, ಕಿಂಗರ ಕಾಲುಗಳನ್ನೇ ಪ್ರಕಾಶರು ದಣಿಸಿಬಿಟ್ಟರು. 15-3, 15-10. ಬಲಕ್ಕಿಂತ ತಾಳ್ಮೆ ದೊಡ್ಡದೆಂದು ನಮ್ಮವರು ಬಹುಕಾಲದಿಂದ ಹೇಳುತ್ತ ಬಂದಿರುವರು. ಬಿಳಿಯರ ನಾಡಿನಲ್ಲಿ ಅಂಕಿಗಳ ಮೂಲಕ ಅದನ್ನು ತೋರಿಸಿದುದು ನಮಗೆ ಹೆಚ್ಚಿನ ಸಂತೋಷ.

ಇನ್ನು ರೊಟ್ಟಿಯ ಮಾತು. ಅಷ್ಟು ಕೀರ್ತಿಯಿದ್ದರೂ ಸ್ವದೇಶದಲ್ಲಿ ಆಟವೊಂದೇ ಅವರನ್ನು ಸಾಕುವಂತಿರಲಿಲ್ಲ. ಬ್ಯಾಂಕಿನ ನೌಕರಿಯ ಆಸರೆ ಬೇಕಾಯಿತು; ಸಮಾನ ಬಲದ ಜೊತೆಗಾರರನ್ನು ಅರಸಿ ಡೆನ್ಮಾರ್ಕಿನಲ್ಲಿ ವರ್ಷಗಟ್ಟಲೆ ಇರಬೇಕಾಯಿತು. ಮಗಳು ದೀಪಿಕಾ 1986ರಲ್ಲಿ ಜನಿಸಿದುದು ಕೋಪನ್‌ಹೇಗನ್ನಿನಲ್ಲಿಯೇ. (ಈ ಚಿತ್ರನಟಿಯ ತಂದೆಯೆಂದರೆ ಮಾತ್ರ ಪ್ರಕಾಶರನ್ನು ಗುರುತಿಸುವ ತರುಣರೂ ಈಗ ಉಂಟು!) ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಪದಕಗಳು ಏರ್ಪಟ್ಟುದು 1992ರಲ್ಲಿ, ಅಷ್ಟರೊಳಗೆ ಅವರ ಪ್ರಾಯ ಮೀರಿತ್ತು. ತಮಗೆ ದೊರೆಯದುದನ್ನು ಮಂದಿಯ ಮಕ್ಕಳಿಗೆ ದೊರಕಿಸುವ ಸಲುವಾಗಿ 1994ರಲ್ಲಿ ವಿಮಲ ಕುಮಾರರೊಡನೆ ಬೆಂಗಳೂರಿನಲ್ಲಿ ತರಬೇತಿ ಶಾಲೆಯನ್ನು ತೆರೆದರು. ಅಲ್ಲಿ ಪಳಗಿದವರಲ್ಲೊಬ್ಬರಾದ ಪುಲ್ಲೇಲ ಗೋಪಿಚಂದರು 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು, ತರುವಾಯ ಹೈದರಾಬಾದಿನಲ್ಲಿ ತಮ್ಮದೇ ಶಾಲೆಯನ್ನು ಕಟ್ಟಿದರು.

ಮಕ್ಕಳೆಲ್ಲರೂ ಪ್ರಕಾಶರಾಗುವರೆಂದು ನಾವು ಹೇಳುವವರಲ್ಲ. ಓದು ಬಿಡಿಸಿ ಹುಡುಗನನ್ನು ಆಟಕ್ಕೇ ಒಪ್ಪಿಸುವ ತಂದೆಯು ಜೂಜಾಡುವನೆಂದೇ ನಮ್ಮ ಅಭಿಪ್ರಾಯ. ಆದರೆ ಆಡಗೊಡದೆ ಹುಡುಗನಲ್ಲಿ ಏನಿದೆಯೆಂದು ತಿಳಿಯುವ ಬಗೆ ಯಾವುದು?

ಗರಿಯ ಚೆಂಡಿನ ಆಟಕ್ಕೆ ಮೊದಲ ನಿಯಮಗಳು ಬರೆಯಲ್ಪಟ್ಟುದು 1870ರ ದಶಕದಲ್ಲಿ ಪುಣೆಯ ದಂಡಿನಲ್ಲಿ. ಪೂನಾ ಎಂದೇ ಆಗ ಅದರ ಹೆಸರು. ಆ ಪುಣೆಯಿಂದ ಸೊಲ್ಲಾಪುರವನ್ನು ಹಾಯ್ದು, ಗೋಪಿಚಂದರ ಹೈದರಾಬಾದಿಗೆ ಹೋಗುವ ಹೆದ್ದಾರಿಯು ನಮ್ಮೂರಿನ ಮೇಲೆಯೇ ಹೋಗುವುದು. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಸಮೀಪ. ಆದರೆ ಹತ್ತು ವರ್ಷದ ಮಗುವಿಗೆ ಅದೂ ದೂರವೇ.

ಮಂಟಪಗಳಾದರೆ ಊರಲ್ಲಿಯೇ ಇರುವುವು. ಅಂಗಳಕ್ಕೆ ಬೇಕಾದುದು ನಲವತ್ತನಾಲ್ಕು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಸುತ್ತ ಸ್ವಲ್ಪ ಬಯಲು, ಮೇಲೆ ಎತ್ತರ. ಆಷಾಢದಲ್ಲಿ ಲಗ್ನಗಳಿಲ್ಲ, ಹೊರಗೆ ಮಳೆ, ಒಳಗೆ ಬರಿದಾದ ಚಾವಡಿ, ಬಾಗಿಲಿಗೆ ಬೀಗ. ಎತ್ತರವಾದ ಮಾಡುಳ್ಳ ಮಂಟಪಗಳ ಮಾಲಕರು ಆ ಒಂದು ತಿಂಗಳು, ಮುಂಜಾನೆ ಆರರಿಂದ ಎಂಟರವರೆಗೆ, ಬೀಗದ ಕೈಯನ್ನು ಶಾಲೆಯ ಮಾಸ್ತರರ ವಶಕ್ಕೆ ಕೊಡಲಿ. ಬಲೆ, ಚೆಂಡುಗಳ ವೆಚ್ಚವನ್ನು ಪುರಸಭೆಯು ವಹಿಸಲಿ. ಮುಂದಿನ ಆಷಾಢಕ್ಕೆ ಮೊದಲು ಸದಸ್ಯರು ಈ ವಿಷಯವನ್ನು ಸಭೆಯ ಮುಂದೆ ತರುವರೆಂದು ಎದುರು ನೋಡುತ್ತೇವೆ.